ಹಳೇ ಚೆರೋಕಿಯ ರೆಕ್ಕೆಯೊಳಗೆ ಬಿಳಿ ಪುಡಿ ಸಿಕ್ಕಿದೆ, ಅನುಭವ ಇರುವವರು ದಯವಿಟ್ಟು ಹೇಳಿ

ಹಳೇ ರೆಕ್ಕೆ (ಫ್ಲೋರಿಡಾ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಫ್ಲೋರಿಡಾದಲ್ಲಿದ್ದೇನೆ. ಹೋದ ವರ್ಷ ನಾವು ಮೂರು ಜನ ಸೇರಿ 1967ರ ಪೈಪರ್ ಚೆರೋಕಿ 140 ಕೊಂಡೆವು. ಒಂದೇ ಎಂಜಿನ್ನಿನ ಪುಟ್ಟ ವಿಮಾನ. ವಯಸ್ಸಿಗೆ ಹೋಲಿಸಿದರೆ ಹಾರಿರುವ ಗಂಟೆ ತುಂಬಾ ಕಡಿಮೆ. ಅದನ್ನೇ ನೋಡಿ ಖುಷಿಪಟ್ಟು ಕೊಂಡಿದ್ದು.

ಎರಡು ವಾರದ ಹಿಂದೆ ಎಡ ರೆಕ್ಕೆಯ ಕೆಳಗೆ ನೀಲಿ ಕಲೆ ಕಾಣಿಸಿತು. ವಿಮಾನದ ಪೆಟ್ರೋಲ್ ನೀಲಿ ಬಣ್ಣದ್ದು, ಆದ್ದರಿಂದ ಟ್ಯಾಂಕ್ ಸೋರುತ್ತಿದೆ ಅಂತ ತಕ್ಷಣ ಗೊತ್ತಾಯಿತು. ಚೆರೋಕಿಯಲ್ಲಿ ರೆಕ್ಕೆಯ ಮುಂಭಾಗದ ಒಂದು ತುಂಡೇ ಟ್ಯಾಂಕ್. ಸುತ್ತಲೂ ಸ್ಕ್ರೂ ಬಿಚ್ಚಿದರೆ ಇಡಿಯಾಗಿ ಹೊರಗೆ ಬರುತ್ತದೆ. ಮೆಕ್ಯಾನಿಕ್ ಅದನ್ನು ಎಳೆದು ಪಕ್ಕಕ್ಕಿಟ್ಟು, ಟಾರ್ಚ್ ಹಿಡಿದು ಒಳಗೆ ನೋಡಿದವರು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನನ್ನು ಕರೆದು ಟಾರ್ಚ್ ಕೈಗೆ ಕೊಟ್ಟರು.

ರೆಕ್ಕೆಯ ಭಾರ ಹೊರುವ ತೊಲೆ, ಅಂದರೆ ಮುಖ್ಯ ಸ್ಪಾರಿನ ಕೆಳಪಟ್ಟಿಯ ಮೇಲೆ, ನನ್ನ ತೋರುಬೆರಳಿನಷ್ಟು ಉದ್ದಕ್ಕೆ, ಲೋಹ ಊದಿಕೊಂಡಿತ್ತು. ಸುಟ್ಟ ಗಾಯದ ಬೊಬ್ಬೆ ಹೇಗಿರುತ್ತದೋ ಹಾಗೆ. ಅವರು ಪ್ಲಾಸ್ಟಿಕ್ ಕಡ್ಡಿಯಲ್ಲಿ ಮೆಲ್ಲಗೆ ಎಬ್ಬಿಸಿದರೆ ಚಿರೋಟಿ ಥರ ಪದರ ಪದರವಾಗಿ ಎದ್ದು ಬಂತು. ಅಡಿಯಲ್ಲಿ ವಿಭೂತಿಯಂಥ ಬೂದು ಬಿಳಿ ಪುಡಿ.

ನನಗೆ ನಿದ್ದೆ ಬಂದಿಲ್ಲ ಅಂದರೆ ನಂಬಿ. ಇದೇ ರೆಕ್ಕೆ ನಂಬಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾರಿದ್ದೇನೆ. ಐದು ತಿಂಗಳ ಹಿಂದಷ್ಟೇ ವಾರ್ಷಿಕ ತಪಾಸಣೆ ಪಾಸಾಗಿದೆ. ಕೊಳ್ಳುವ ಮುಂಚೆ ದುಡ್ಡು ಕೊಟ್ಟು ಬೇರೆಯವರಿಂದ ಪರೀಕ್ಷೆ ಮಾಡಿಸಿದ್ದೆವು, 'ತುಕ್ಕು ಇಲ್ಲ' ಅಂತ ಬರೆದುಕೊಟ್ಟಿದ್ದರು. ಹೊರಗಿನಿಂದ ಈಗಲೂ ಏನೂ ಕಾಣುವುದಿಲ್ಲ, ಬಣ್ಣ ಫಳಫಳ ಹೊಳೆಯುತ್ತಿದೆ. ಇದು ಹೇಗೆ ತಪ್ಪಿಹೋಯಿತು? ಮುಂದೇನು ಮಾಡಬೇಕು?

ನಿವೃತ್ತ ಎಎಂಇ (ಬೆಂಗಳೂರು)

ನಾನು ಎಎಂಇ, ಅಂದರೆ ವಿಮಾನ ರಿಪೇರಿ ಎಂಜಿನಿಯರ್ ಆಗಿದ್ದವನು. ಮೊದಲು ಒಂದು ಮಾತು. ಆ ವಿಮಾನವನ್ನು ಬೇರೆ ಊರಿಗೆ ರಿಪೇರಿಗೆ ಅಂತಲೂ ಹಾರಿಸಿಕೊಂಡು ಹೋಗಬೇಡಿ. ನೀವಾಗಿಯೇ ಕೆರೆಯಲೂಬೇಡಿ. ಅದರಲ್ಲೂ ಕಬ್ಬಿಣದ ಬ್ರಷ್, ಪಾತ್ರೆ ಉಜ್ಜುವ ಸ್ಟೀಲ್ ನಾರು ಮುಟ್ಟಿಸಲೇಬೇಡಿ. ಕಬ್ಬಿಣದ ಸಣ್ಣ ಕಣಗಳು ಅಲ್ಯುಮಿನಿಯಂ ಒಳಗೆ ಕಚ್ಚಿಕೊಂಡು ಹೊಸದಾಗಿ ತುಕ್ಕು ಶುರು ಮಾಡುತ್ತವೆ.

ನೀವು ಹೇಳಿದ ಲಕ್ಷಣ ನೋಡಿದರೆ ಅದು ಎಕ್ಸ್‌ಫೋಲಿಯೇಷನ್, ಅಂದರೆ ಪದರ ಏಳುವ ತುಕ್ಕು. ಇದು ಮೇಲಿಂದ ಕೆಳಗೆ ತಿನ್ನುವುದಿಲ್ಲ. ಲೋಹದ ಕಣಗಳ ನಡುವಿನ ಗೆರೆ ಹಿಡಿದು ಅಡ್ಡಡ್ಡಲಾಗಿ ಒಳಗೆ ನುಗ್ಗುತ್ತದೆ. ಸ್ಪಾರಿನ ಪಟ್ಟಿಯನ್ನು ಅಚ್ಚಿನ ಮೂಲಕ ಒತ್ತಿ ಹೊರಗೆಳೆದು ಮಾಡಿರುತ್ತಾರೆ. ಶಾವಿಗೆ ಒರಳಿಂದ ಶಾವಿಗೆ ಬಂದ ಹಾಗೆ. ಹಾಗೆ ಎಳೆದಾಗ ಕಣಗಳೆಲ್ಲ ಉದ್ದುದ್ದಕ್ಕೆ ಪದರವಾಗಿ ಮಲಗುತ್ತವೆ. ಆ ಪದರಗಳ ನಡುವೆ ತುಕ್ಕು ಹುಟ್ಟುತ್ತದೆ. ತುಕ್ಕಿನ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಮೇಲಿನ ಪದರವನ್ನು ಎತ್ತಿಬಿಡುತ್ತದೆ. ನಿಮ್ಮ ಕಣ್ಣಿಗೆ ಬೊಬ್ಬೆ ಕಂಡಿತು ಅಂದರೆ ಕೆಲಸ ಒಳಗೆ ಬಹಳ ಹಿಂದೆಯೇ ಶುರುವಾಗಿದೆ.

ತಪ್ಪಿಹೋಗಿದ್ದು ಹೇಗೆ ಅಂದರೆ, ಯಾರೂ ಟ್ಯಾಂಕ್ ತೆಗೆದಿಲ್ಲ, ಅಷ್ಟೇ. ಮಾಮೂಲಿ ವಾರ್ಷಿಕ ತಪಾಸಣೆಯಲ್ಲಿ ಟ್ಯಾಂಕ್ ಇಳಿಸುವುದಿಲ್ಲ. ಇರುವ ಮುಚ್ಚಳಗಳನ್ನು ತೆಗೆದು, ಕೈಗೆ ಕಣ್ಣಿಗೆ ಸಿಕ್ಕಷ್ಟು ನೋಡಿ ಮುಚ್ಚುತ್ತಾರೆ.

ಮಲೆನಾಡು ಹುಡುಗ

ಸರ್, ನಾನು ಎರಡನೇ ವರ್ಷದ ವಿದ್ಯಾರ್ಥಿ. ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಅಲ್ಯುಮಿನಿಯಂ ತುಕ್ಕು ಹಿಡಿಯಲ್ಲ ಅಂತಲೇ ಓದಿದ್ದೇವಲ್ವಾ? ಇನ್ನೊಂದು, ಸ್ಪಾರ್ ಅಂದರೆ ರೆಕ್ಕೆಯಲ್ಲಿ ಸರಿಯಾಗಿ ಎಲ್ಲಿರುತ್ತದೆ?

ನಿವೃತ್ತ ಎಎಂಇ (ಬೆಂಗಳೂರು)

ದಡ್ಡ ಪ್ರಶ್ನೆ ಅಲ್ಲಪ್ಪ, ಇದೇ ಸರಿಯಾದ ಪ್ರಶ್ನೆ. ನಿಮ್ಮ ಊರಿನ ಹಂಚಿನ ಮನೆ ನೆನಪು ಮಾಡಿಕೊ. ಮಧ್ಯದಲ್ಲಿ ಒಂದು ದೊಡ್ಡ ತೊಲೆ, ಅದರ ಮೇಲೆ ಜಂತೆ, ಮೇಲೆ ಹಂಚು. ರೆಕ್ಕೆಯಲ್ಲಿ ತೊಲೆಯೇ ಸ್ಪಾರ್, ಜಂತೆಗಳು ರಿಬ್, ಹಂಚಿನ ಜಾಗದಲ್ಲಿ ತೆಳು ತಗಡು. ಭಾರ ಹೊರುವುದು ತೊಲೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ, ಆಗ ತೊಲೆಯ ಕೆಳಪಟ್ಟಿಯನ್ನು ಎರಡೂ ಕಡೆಯಿಂದ ಜಗ್ಗಿದಂತಾಗುತ್ತದೆ. ಇವರಿಗೆ ತುಕ್ಕು ಸಿಕ್ಕಿರುವುದು ಅದೇ ಕೆಳಪಟ್ಟಿಯಲ್ಲಿ.

ಇನ್ನು ಅಲ್ಯುಮಿನಿಯಂ. ಶುದ್ಧ ಅಲ್ಯುಮಿನಿಯಂ ಮೇಲೆ ತಾನಾಗಿಯೇ ಒಂದು ತೆಳು ಪೊರೆ ಕಟ್ಟಿಕೊಂಡು ರಕ್ಷಣೆ ಕೊಡುತ್ತದೆ, ಅದು ನಿಜ. ಆದರೆ ಅಜ್ಜಿ ಉಪ್ಪಿನಕಾಯನ್ನು ಯಾವತ್ತಾದರೂ ಅಲ್ಯುಮಿನಿಯಂ ಡಬ್ಬಿಯಲ್ಲಿ ಹಾಕಿಟ್ಟಿದ್ದು ನೋಡಿದ್ದೀಯಾ? ಉಪ್ಪು, ಹುಳಿ, ತೇವ ಮೂರೂ ಸೇರಿದರೆ ಆ ಪೊರೆ ನಿಲ್ಲುವುದಿಲ್ಲ. ಜೊತೆಗೆ ವಿಮಾನಕ್ಕೆ ಬಳಸುವುದು ಶುದ್ಧ ಅಲ್ಯುಮಿನಿಯಂ ಅಲ್ಲ. 2024 ಅನ್ನುವ ಮಿಶ್ರಲೋಹದಲ್ಲಿ ಗಟ್ಟಿತನಕ್ಕೆ ಅಂತ ತಾಮ್ರ ಸೇರಿಸಿರುತ್ತಾರೆ. ಬಲ ಬಂತು, ತುಕ್ಕು ತಡೆಯುವ ಶಕ್ತಿ ಹೋಯಿತು. ತಗಡುಗಳ ಎರಡೂ ಮೈಗೆ ಶುದ್ಧ ಅಲ್ಯುಮಿನಿಯಂ ಲೇಪ ಕೊಟ್ಟಿರುತ್ತಾರೆ, ಅದಕ್ಕೆ ಆಲ್‌ಕ್ಲಾಡ್ ಅನ್ನುತ್ತಾರೆ. ಒತ್ತಿ ಎಳೆದ ಪಟ್ಟಿಗೆ ಆ ಲೇಪ ಇರುವುದಿಲ್ಲ. ಐವತ್ತು ಅರವತ್ತರ ದಶಕದ ಎಷ್ಟೋ ಸಣ್ಣ ವಿಮಾನಗಳಿಗೆ ಒಳಗಡೆ ಪ್ರೈಮರ್ ಕೂಡ ಹೊಡೆಯುತ್ತಿರಲಿಲ್ಲ. ತೂಕ, ಖರ್ಚು ಎರಡೂ ಉಳಿಯುತ್ತಿತ್ತು. ಇವು ಅರವತ್ತು ವರ್ಷ ಹಾರುತ್ತವೆ ಅಂತ ಆಗ ಯಾರೂ ಅಂದುಕೊಂಡಿರಲಿಲ್ಲ.

ಕಡಲತಡಿ (ಮಂಗಳೂರು)

ನನ್ನದು ಬೋಟ್ ಕೆಲಸ, ವಿಮಾನ ಗೊತ್ತಿಲ್ಲ. ಆದರೆ ಒಂದು ಹೇಳಬಲ್ಲೆ. ಮಳೆ ನೀರಿಗಿಂತ ಬೆಳಗಿನ ಇಬ್ಬನಿ ಕೆಟ್ಟದ್ದು. ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ, ಇಬ್ಬನಿ ಉಪ್ಪನ್ನು ಒದ್ದೆ ಮಾಡಿ ಅಲ್ಲೇ ಕೂರಿಸುತ್ತದೆ. ರೆಕ್ಕೆಯ ಒಳಗೆ ಮಳೆ ಬೀಳಲ್ಲ, ಆದರೆ ಇಬ್ಬನಿ ಕಟ್ಟುತ್ತದೆ ಅಲ್ವಾ?

ನಿವೃತ್ತ ಎಎಂಇ (ಬೆಂಗಳೂರು)

ನೂರಕ್ಕೆ ನೂರು ನಿಜ. ಹಗಲು ಬಿಸಿ, ರಾತ್ರಿ ತಂಪು. ರೆಕ್ಕೆ ಉಸಿರಾಡಿದ ಹಾಗೆ ಗಾಳಿ ಒಳಗೆ ಹೊರಗೆ ಓಡಾಡುತ್ತದೆ, ತೇವ ಒಳಗೆ ಉಳಿಯುತ್ತದೆ. ಅದು ಹೊರಗೆ ಹೋಗಲಿ ಅಂತಲೇ ರೆಕ್ಕೆಯ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಧೂಳು, ಬಣ್ಣದಿಂದ ಮುಚ್ಚಿಹೋಗಿರುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಒಂದು ಕಡ್ಡಿ ಹಾಕಿ ಬಿಡಿಸಿದರೆ ಮುಗಿಯುವ ಕೆಲಸ.

ಗಾಳಿಪಟ

ತುಕ್ಕಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ರೆಕ್ಕೆ ಮುರಿದ ಕೇಸುಗಳಲ್ಲಿ ಕಾರಣ ಮತ್ತೆ ಮತ್ತೆ ಬಾಗಿ ಲೋಹಕ್ಕೆ ಬರುವ ದಣಿವು, ಅಂದರೆ ಫಟೀಗ್. 2018ರ ಏಪ್ರಿಲ್ 4ರಂದು ಫ್ಲೋರಿಡಾದ ಡೇಟೋನಾ ಬೀಚ್ ಹತ್ತಿರ ಒಂದು ತರಬೇತಿ ವಿಮಾನದ ರೆಕ್ಕೆ ಕಳಚಿ ಇಬ್ಬರು ತೀರಿಕೊಂಡರು. ಅದೂ ಚೆರೋಕಿ ಸೇರಿರುವ ಇದೇ ಪೈಪರ್ ಪಿಎ-28 ಕುಟುಂಬದ್ದೇ. ಅದರಲ್ಲಿ ಬಿರುಕು ಬಿಟ್ಟಿದ್ದು ಸ್ಪಾರಿನ ಬೋಲ್ಟ್ ತೂತಿನಲ್ಲಿ, ತುಕ್ಕಿನಿಂದ ಅಲ್ಲ. ಅದು ಹಳೇ ವಿಮಾನವೂ ಅಲ್ಲ, 2007ರದ್ದು. ನೋಡಬೇಕಾದ್ದು ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ನೆಲಕ್ಕೆ ಕುಕ್ಕಿದೆ ಅನ್ನುವುದನ್ನು. ಇವರ ವಿಮಾನ ಹಾರಿರುವುದೇ ಕಡಿಮೆ.

ಕೆಂಪು ಮಣ್ಣು (ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ)

ಡೇಟೋನಾ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಫಟೀಗ್ ಬೇರೆ, ತುಕ್ಕು ಬೇರೆ ಅಂತ ಗೆರೆ ಎಳೆಯಬೇಡಿ. ಎರಡೂ ಕೈಜೋಡಿಸಿದ್ದು ನಮ್ಮ ರಾಜ್ಯದಲ್ಲೇ ನಡೆದಿದೆ.

2019ರ ಮೇ 26. ಮೌಂಟ್ ಐಸಾ ಹತ್ತಿರ ಸೆಸ್ನಾ ಟಿ210ಎಂ ಒಂದು ಭೂಗರ್ಭ ಸಮೀಕ್ಷೆಗೆ ಅಂತ ಕಡಿಮೆ ಎತ್ತರದಲ್ಲಿ ಹಾರುತ್ತಿತ್ತು. ಹಾರುತ್ತಿರುವಾಗಲೇ ರೆಕ್ಕೆ ಕಳಚಿತು. ಒಳಗಿದ್ದ ಇಬ್ಬರೂ ಉಳಿಯಲಿಲ್ಲ. ಎಪ್ಪತ್ತರ ದಶಕದ ವಿಮಾನ, 12,000 ಗಂಟೆಗೂ ಜಾಸ್ತಿ ಹಾರಿತ್ತು. ಈ ಮಾದರಿಯಲ್ಲಿ ರೆಕ್ಕೆಗೆ ಕೆಳಗಿನಿಂದ ಊರೆ ಕಂಬ ಇಲ್ಲ. ಎಡ ಬಲ ರೆಕ್ಕೆಗಳನ್ನು ಸೇರಿಸುವ ಒಂದೇ ತೊಲೆ ಪೈಲಟ್ ತಲೆಯ ಮೇಲೆ ಛಾವಣಿಯೊಳಗೆ ಅಡ್ಡ ಹಾಯುತ್ತದೆ. ಆ ತೊಲೆಯ ಕೆಳಮೈಯಲ್ಲಿ ತುಕ್ಕು ತಿಂದ ಒಂದು ಸಣ್ಣ ಗುಳಿ ಇತ್ತು. ಫಟೀಗ್ ಬಿರುಕು ಹೊರಟಿದ್ದು ಆ ಗುಳಿಯಿಂದ.

ಬಟ್ಟೆ ಅಂಗಡಿಯವರು ಬಟ್ಟೆ ಹರಿಯುವುದನ್ನು ನೋಡಿದ್ದೀರಲ್ಲ. ಮೊದಲು ಅಂಚಿನಲ್ಲಿ ಕತ್ತರಿಯಿಂದ ಒಂದು ಚಿಕ್ಕ ಕಚ್ಚು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಪರ್ರ್ ಅಂತ ಎಳೆಯುತ್ತಾರೆ. ಕಚ್ಚು ಇಲ್ಲದೆ ಎಳೆದರೆ ಬೆವರು ಬರುತ್ತದೆ. ತುಕ್ಕಿನ ಗುಳಿ ಆ ಕಚ್ಚು.

ನನಗೆ ತುಂಬಾ ನೋವಾಗುವ ವಿಷಯ ಇನ್ನೊಂದಿದೆ. ಈ ಮಾದರಿಯಲ್ಲಿ ಆ ತೊಲೆಯ ಕೆಳಮೈಗೆ ಫೋಮ್ ಅಂಟಿಸಿರುತ್ತಿದ್ದರು. ಆ ಫೋಮ್ ತೇವ ಹಿಡಿದಿಟ್ಟುಕೊಂಡು ಲೋಹಕ್ಕೆ ಒದ್ದೆ ಬಟ್ಟೆ ಹೊದಿಸಿದ ಹಾಗೆ ಕೂರುತ್ತದೆ. ಮೇಲೆ ಚೆಂದದ ಛಾವಣಿ ಬಟ್ಟೆ. ಯಾರ ಕಣ್ಣಿಗೂ ಬೀಳುವುದಿಲ್ಲ. 2020ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಆದೇಶ ಹೊರಡಿಸಿತು: ಆ ತೊಲೆಯನ್ನು ಕಣ್ಣಲ್ಲೂ ಲೋಹದ ಬಿರುಕು ಹುಡುಕುವ ಎಡ್ಡಿ ಕರೆಂಟ್ ಯಂತ್ರದಲ್ಲೂ ಪರೀಕ್ಷಿಸಿ, ತುಕ್ಕು ತಡೆಯುವ ಲೇಪ ಹಚ್ಚಿ ಅಂತ. ನಾನು ಕೆಲಸ ಮಾಡುವ ಹ್ಯಾಂಗರಿನಲ್ಲಿ ಆ ಕೆಲಸಕ್ಕೆ ಕೈಹಾಕಿದಾಗ ಫೋಮ್ ಎಳೆದ ಕೂಡಲೇ ಅಂಟಿನ ಜೊತೆ ಬಿಳಿ ಪುಡಿ ಉದುರಿತು. ಆ ವಿಮಾನದ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ಇವತ್ತಿಗೂ ಮರೆತಿಲ್ಲ.

ಹಾಗಾಗಿ ಗಾಳಿಪಟ ಅವರೇ, ಗಂಟೆ ಲೆಕ್ಕ ಫಟೀಗ್ ಬಗ್ಗೆ ಹೇಳುತ್ತದೆ. ತುಕ್ಕಿಗೆ ಗಡಿಯಾರ ಬೇರೆ. ಅದು ವಿಮಾನ ನಿಂತಿದ್ದಾಗಲೂ ಓಡುತ್ತದೆ. ನಿಂತಿದ್ದಾಗಲೇ ಜಾಸ್ತಿ ಓಡುತ್ತದೆ.

ಗಾಳಿಪಟ

ಮೌಂಟ್ ಐಸಾ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ಧನ್ಯವಾದ ಮೇಡಂ.

ಹಳೇ ರೆಕ್ಕೆ (ಫ್ಲೋರಿಡಾ)

ಕೆಂಪು ಮಣ್ಣು ಅವರ ಮಾತು ಓದಿ ನಿನ್ನೆ ರಾತ್ರಿ ಹಳೇ ಲಾಗ್‌ಬುಕ್ಕುಗಳನ್ನೆಲ್ಲ ಹರಡಿಕೊಂಡು ಕೂತೆ. ಇಷ್ಟು ದಿನ ನಾವು ನೋಡಿದ್ದು ಗಂಟೆಯ ಕಾಲಮ್ ಮಾತ್ರ. ಈ ಸಲ ಗಂಟೆ ಬಿಟ್ಟು, ಪ್ರತಿ ತಪಾಸಣೆಯ ಕೆಳಗೆ ಇರುವ ಮೊಹರು ಮತ್ತು ಊರಿನ ಹೆಸರು ನೋಡಿದೆ.

ಮೊದಲ ಕೆಲವು ವರ್ಷ ಕಾನ್ಸಾಸ್. ಆಮೇಲೆ ಹದಿನೆಂಟು ವರ್ಷ ಟೆಕ್ಸಾಸಿನ ಕಡಲತೀರದ ಊರು. ಅದರಲ್ಲಿ ಏಳು ವರ್ಷ ವರ್ಷಕ್ಕೆ ಹತ್ತು ಗಂಟೆಯೂ ಹಾರಿಲ್ಲ. ಆಮೇಲೆ ಅರಿಜೋನಾ. ನಮಗೆ ಮಾರಿದವರು 'ಅರಿಜೋನಾದ ಒಣ ಹವೆಯಲ್ಲಿದ್ದ ವಿಮಾನ' ಅಂದಿದ್ದರು. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನಾವು ಕೊಂಡದ್ದು 'ಕಡಿಮೆ ಗಂಟೆ' ಅಂತ. ಆ ಕಡಿಮೆ ಗಂಟೆ ಅಂದರೆ ಕಡಲ ಪಕ್ಕ ಸುಮ್ನೆ ನಿಂತಿದ್ದ ವರ್ಷಗಳು.

ನಿವೃತ್ತ ಎಎಂಇ (ಬೆಂಗಳೂರು)

ಇದನ್ನೇ ನಾನು ಹೇಳಬೇಕು ಅಂತಿದ್ದೆ, ನೀವೇ ಕಂಡುಹಿಡಿದಿರಿ. ಒಣ ಊರಿಗೆ ಹೋದರೆ ತುಕ್ಕು ನಿಧಾನವಾಗಬಹುದು, ವಾಸಿ ಆಗುವುದಿಲ್ಲ. ತಿಂದ ಲೋಹ ತಿಂದಿದ್ದೇ.

ನನ್ನ ಒಂದು ಅನುಭವ. ಹೆಸರು ಬೇಡ, ಒಂದು ಕಡೆಯಿಂದ ನಮ್ಮಲ್ಲಿಗೆ ಸೆಸ್ನಾ 152 ಬಂತು. ಎರಡು ಮಳೆಗಾಲ ಬಯಲಲ್ಲಿ ನಿಂತಿತ್ತು. ಕಾಗದ ಪತ್ರ ಎಲ್ಲ ಸರಿ ಇತ್ತು. ರೆಕ್ಕೆ ಕೆಳಗಿನ ಮುಚ್ಚಳ ತೆಗೆದು ಕೈ ಹಾಕಿದರೆ ಮೆತ್ತಗೆ ಏನೋ ಸಿಕ್ಕಿತು. ಇಲಿ ಗೂಡು. ಹತ್ತಿ, ಕಾಗದ, ಒಣಹುಲ್ಲು, ಒಂದು ಬಿಸ್ಕತ್ ಪೊಟ್ಟಣದ ಹೊದಿಕೆ ಕೂಡ. ಪಕ್ಕದಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗೂಡು ಎಳೆದು ಹಾಕಿದಾಗ ಬಂದ ವಾಸನೆ ಹೇಳಲು ಆಗುವುದಿಲ್ಲ. ಇಲಿ ಮೂತ್ರಕ್ಕಿಂತ ಕೆಟ್ಟ ಶತ್ರು ಅಲ್ಯುಮಿನಿಯಂಗೆ ಕಡಿಮೆ. ಗೂಡಿನ ಅಡಿಯ ರಿಬ್ಬನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಬೆರಳು ಆ ಕಡೆಗೆ ಹೋಯಿತು. ಒಣಗಿದ ಹಪ್ಪಳಕ್ಕೆ ಬೆರಳಿಟ್ಟ ಹಾಗೆ. ಹೊರಗಿನ ತಗಡಿನ ಮೇಲೆ ಆ ಜಾಗದಲ್ಲಿ ಒಂದು ಕಲೆಯೂ ಇರಲಿಲ್ಲ.

ಅವತ್ತಿಂದ ನನ್ನ ಕೈಕೆಳಗಿನ ಹುಡುಗರಿಗೆಲ್ಲ ಹೇಳುತ್ತಿದ್ದೆ: ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಸಾಲದು, ಮೂಗೂ ಹಾಕಿ.

ಕಬ್ ಪ್ರೇಮಿ (ಇಂಗ್ಲೆಂಡ್)

ನಾನೂ ಸೇರಿಕೊಳ್ಳುತ್ತೇನೆ. ನನ್ನದು ಪೈಪರ್ ಜೆ-3 ಕಬ್‌ನಲ್ಲಿ ಒಂದು ಪಾಲು. ಎರಡನೇ ಮಹಾಯುದ್ಧದ ಕಾಲದ್ದು. ಇದರ ರೆಕ್ಕೆಗೆ ಬಟ್ಟೆ ಹೊದಿಕೆ, ಕೆಳಗಿನಿಂದ ಉಕ್ಕಿನ ಕೊಳವೆಯ ಊರೆ, ಅದಕ್ಕೆ ಸ್ಟ್ರಟ್ ಅನ್ನುತ್ತೇವೆ. ಇಲ್ಲಿ ತುಕ್ಕು ಕೊಳವೆಯ ಒಳಗಿನಿಂದ ಬರುತ್ತದೆ. ಮೇಲಿಂದ ಇಳಿದ ನೀರು ಕೆಳತುದಿಯಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಹೊಸದರಂತೆ, ಒಳಗೆ ಕೊಳವೆ ಕಾಗದದಷ್ಟು ತೆಳು.

1993ರಿಂದ ಇದಕ್ಕೆ ಅಮೆರಿಕದಲ್ಲಿ ಕಡ್ಡಾಯ ಪರೀಕ್ಷೆ ಇದೆ, ಎರಡು ವರ್ಷಕ್ಕೊಮ್ಮೆ. ವಿಧಾನ ಕೇಳಿದರೆ ಆಶ್ಚರ್ಯ ಆಗುತ್ತದೆ. ಬಟ್ಟೆಯ ಗಟ್ಟಿತನ ನೋಡುವ ಸ್ಪ್ರಿಂಗ್ ಇರುವ ಒಂದು ಕಡ್ಡಿ ಉಪಕರಣ ಇದೆ. ಅದನ್ನು ಸ್ಟ್ರಟ್‌ನ ಕೆಳತುದಿಯಿಂದ 11 ಇಂಚಿನವರೆಗೆ ಅಲ್ಲಲ್ಲಿ ಒತ್ತುತ್ತಾ ಹೋಗಬೇಕು. ತಗ್ಗು ಬಿದ್ದರೆ ಆ ಸ್ಟ್ರಟ್ ಬಿಸಾಡಬೇಕು. ಅಲ್ಟ್ರಾಸೌಂಡಿನಲ್ಲಿ ದಪ್ಪ ಅಳೆಯುವುದಕ್ಕೂ ಅವಕಾಶ ಇದೆ. ಒಳಗೆ ತುಕ್ಕು ಬರದಿರಲಿ ಅಂತ ಅಗಸೆ ಎಣ್ಣೆ ಸುರಿದು ತಿರುಗಿಸುತ್ತಾರೆ. ಹೌದು, ನಮ್ಮ ಉತ್ತರ ಕರ್ನಾಟಕದ ಅದೇ ಅಗಸೆ. ಪೂರ್ತಿ ಬೆಸುಗೆ ಹಾಕಿ ಮುಚ್ಚಿದ ಹೊಸ ಸ್ಟ್ರಟ್ ಹಾಕಿಸಿದರೆ ಈ ಪದೇ ಪದೇ ಪರೀಕ್ಷೆ ತಪ್ಪುತ್ತದೆ. ನಾವು ಹಾಗೇ ಮಾಡಿದೆವು.

ಹಳೇ ಸ್ಟ್ರಟ್ ಒಂದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿದೆವು. ಮೇಲಿನ ಮುಕ್ಕಾಲು ಭಾಗ ಕನ್ನಡಿಯಂತಿತ್ತು. ಕೆಳಗಿನ ಒಂದು ಗೇಣು ಮಾತ್ರ ಗೆದ್ದಲು ತಿಂದ ಬಿದಿರಿನಂತೆ.

ಮಲೆನಾಡು ಹುಡುಗ

ರೆಕ್ಕೆ ಬಿಚ್ಚದೆ ಹೊರಗಿನಿಂದ ಗುರುತಿಸುವ ದಾರಿ ಏನೂ ಇಲ್ಲವಾ?

ಕೆಂಪು ಮಣ್ಣು (ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ)

ಸುಳಿವು ಸಿಗುತ್ತದೆ ತಮ್ಮಾ, ಖಾತ್ರಿ ಸಿಗುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ರೆಕ್ಕೆಯ ಉದ್ದಕ್ಕೂ ಕಣ್ಣು ಹಾಯಿಸು. ರಿವೆಟ್ ಸಾಲಿನ ನಡುವೆ ತಗಡು ದಿಂಬಿನ ಥರ ಉಬ್ಬಿದ್ದರೆ ಒಳಗೆ ಪುಡಿ ತುಂಬಿ ದೂಡುತ್ತಿದೆ ಅಂತ ಅರ್ಥ. ರಿವೆಟ್ ತಲೆಯ ಹಿಂದೆ ಕಾಡಿಗೆ ಗೀಚಿದ ಹಾಗೆ ಕಪ್ಪು ಗೆರೆ ಇದ್ದರೆ ಆ ರಿವೆಟ್ ಸಡಿಲವಾಗಿ ಅಲ್ಲಾಡುತ್ತಿದೆ. ಬಣ್ಣದ ಅಡಿಯಲ್ಲಿ ಎರೆಹುಳ ಹರಿದ ಹಾಗೆ ಗೆರೆಗಳಿದ್ದರೆ ಅದೂ ತುಕ್ಕೇ, ಆದರೆ ಅದು ಮೇಲುಮೇಲಿನದು. ಕಾಲಿಟ್ಟು ಹತ್ತುವ ಜಾಗದಲ್ಲಿ ಜಾರದಿರಲಿ ಅಂತ ಅಂಟಿಸಿರುವ ಕಪ್ಪು ಪಟ್ಟಿಯ ಅಂಚು, ರೆಕ್ಕೆ ಮೈಗೆ ಸೇರುವ ಮೂಲೆಯ ರಬ್ಬರ್ ಅಡಿ, ಇವೆಲ್ಲ ನೀರು ಕೂರುವ ಜಾಗ.

ಆದರೆ ಇವರ ಚೆರೋಕಿಯಲ್ಲಿ ಇದ್ಯಾವುದೂ ಇರಲಿಲ್ಲ ಅನ್ನುವುದನ್ನು ಮರೆಯಬೇಡ. ಸ್ಪಾರ್ ದಪ್ಪ, ಹೊರಗೆ ಉಬ್ಬು ತೋರಿಸುವುದಿಲ್ಲ. ಸಂದಿಯೊಳಗೆ ತೂರಿಸಿ ನೋಡುವ ಸಣ್ಣ ಕ್ಯಾಮೆರಾ, ಬೋರ್‌ಸ್ಕೋಪ್, ಈಗ ಫೋನಿಗೆ ಸಿಕ್ಕಿಸುವಂಥದ್ದೇ ಬಂದಿದೆ, ಬಿಡಿಸಿದ ಸ್ಕ್ರೂ ತೂತಿನಿಂದಲೂ ತೂರಿಸಬಹುದು. ಪೈಪರ್ ಕೂಡ ಈ ಮಾದರಿಗಳ ಸ್ಪಾರ್ ನೋಡಲು ರೆಕ್ಕೆಗೆ ಹೊಸ ಮುಚ್ಚಳ ಹಾಕಿಸುವ ಕಿಟ್ ತಂದಿದೆ. ತಗಡು ಕತ್ತರಿಸಬೇಕಲ್ಲ ಅಂತ ಮಾಲೀಕರು ಹಿಂಜರಿಯುತ್ತಾರೆ. ಹಿಂಜರಿಯಬಾರದು.

ಗಾಳಿಪಟ

ತುಕ್ಕು ತಡೆಯುವ ಎಣ್ಣೆ ಸ್ಪ್ರೇ ಹೊಡೆಸುತ್ತಾರಲ್ಲ, ಎಸಿಎಫ್-50 ಅಂತ. ಅದು ಕೆಲಸ ಮಾಡುತ್ತದಾ?

ನಿವೃತ್ತ ಎಎಂಇ (ಬೆಂಗಳೂರು)

ಮಾಡುತ್ತದೆ. ಸಂದು ಗೊಂದುಗಳಿಗೆ ಹರಿದು ತೇವವನ್ನು ದೂಡುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು. ಹೊಡೆಸಿದ ಮೇಲೆ ವಾರಗಟ್ಟಲೆ ರಿವೆಟ್ ಸಾಲಿನಿಂದ ಎಣ್ಣೆ ಜಿನುಗಿ ಹ್ಯಾಂಗರ್ ನೆಲ ಗಲೀಜಾಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಪೂರ್ತಿ ಬಿಚ್ಚಿ ನೋಡಿ, ಆಮೇಲೆ ಹೊಡೆಸಿ. ಮೊದಲೇ ಹೊಡೆಸಿದರೆ ಎಣ್ಣೆ ಧೂಳು ಹಿಡಿದುಕೊಂಡು, ಇರುವ ತುಕ್ಕು ಮಸಿಯ ಅಡಿಯಲ್ಲಿ ಅಡಗಿಬಿಡುತ್ತದೆ.

ಹಳೇ ರೆಕ್ಕೆ (ಫ್ಲೋರಿಡಾ)

ಇವತ್ತು ತೀರ್ಮಾನ ಆಯಿತು. ಮೆಕ್ಯಾನಿಕ್ ಪದರವನ್ನೆಲ್ಲ ಉಜ್ಜಿ ತೆಗೆದು, ಹೊಳೆಯುವ ಲೋಹ ಸಿಗುವ ತನಕ ಹೋದರು. ಆಮೇಲೆ ಉಳಿದ ದಪ್ಪ ಅಳೆದರು. ಕಂಪನಿ ಒಪ್ಪುವ ಮಿತಿಗಿಂತ ಕಡಿಮೆ. ಮಿತಿಯೊಳಗಿದ್ದಿದ್ದರೆ ರಾಸಾಯನಿಕ ಹಚ್ಚಿ, ಪ್ರೈಮರ್ ಹೊಡೆದು ಮುಗಿಸಬಹುದಿತ್ತು. ಈಗ ರೆಕ್ಕೆಯನ್ನೇ ಬದಲಾಯಿಸಬೇಕು. ಬಲ ರೆಕ್ಕೆಯ ಟ್ಯಾಂಕನ್ನೂ ಇಳಿಸಿ ನೋಡಿಸಿದೆವು. ಅಲ್ಲಿ ಸಣ್ಣ ಗುಳಿಗಳಿವೆ, ಆದರೆ ಮಿತಿಯೊಳಗೆ. ಖರ್ಚು ವಿಮಾನದ ಬೆಲೆಯ ಅರ್ಧ ಮುಟ್ಟುತ್ತದೆ. ಜೊತೆಗಿದ್ದ ಒಬ್ಬರು ಬಿಚ್ಚಿ ಮಾರಿಬಿಡೋಣ ಅಂದರು. ನಾನು ಒಪ್ಪಲಿಲ್ಲ.

ನ್ಯೂ ಮೆಕ್ಸಿಕೋದಲ್ಲಿ ಒಂದು ಹಳೇ ಎಡ ರೆಕ್ಕೆ ಇದೆ ಅಂತ ಗೊತ್ತಾಯಿತು. ಮಾರುವವರು ಹೊರಗಿನ ಹನ್ನೆರಡು ಫೋಟೋ ಕಳಿಸಿದರು, ತುಂಬಾ ಚೆನ್ನಾಗಿ ಬಂದಿವೆ. ಟ್ಯಾಂಕ್ ಇಳಿಸಿ ಸ್ಪಾರ್ ತೋರಿಸದೆ ಮುಂಗಡ ಕೊಡುವುದಿಲ್ಲ ಅಂದೆ. ಯಾರೂ ಹಾಗೆ ಕೇಳಿಲ್ಲ ಅಂತ ಅವರಿಗೆ ಬೇಜಾರು. ಸ್ಕ್ರೂ ಬಿಚ್ಚುವ ಕೂಲಿ ನಾನೇ ಕೊಡುತ್ತೇನೆ ಅಂದ ಮೇಲೆ ಒಪ್ಪಿದರು. ಆ ವಿಮಾನದ ಲಾಗ್‌ಬುಕ್ ಪ್ರತಿಯನ್ನೂ ಕೇಳಿದ್ದೇನೆ, ಊರುಗಳನ್ನು ನೋಡುವುದಕ್ಕೆ.

ನಿವೃತ್ತ ಎಎಂಇ (ಬೆಂಗಳೂರು)

ಸರಿಯಾಗಿ ಮಾಡಿದಿರಿ. ರೆಕ್ಕೆ ಬಂದ ಮೇಲೆ ಬೋಲ್ಟ್ ತೂತುಗಳನ್ನೂ ಎಡ್ಡಿ ಕರೆಂಟಿನಲ್ಲಿ ನೋಡಿಸಿ, ಆಗ ಗಾಳಿಪಟ ಅವರು ಹೇಳಿದ ವಿಷಯವೂ ಮುಗಿಯುತ್ತದೆ.

ಒಂದು ಕೋರಿಕೆ. ಆ ಹಳೇ ಸ್ಪಾರಿನ ತುಕ್ಕು ತಿಂದ ತುಂಡನ್ನು ಗುಜರಿಗೆ ಹಾಕಬೇಡಿ. ಶನಿವಾರ ಶನಿವಾರ ನನ್ನ ಮನೆಗೆ ಆರೇಳು ಹುಡುಗರು ಪಾಠಕ್ಕೆ ಬರುತ್ತಾರೆ. ಪುಸ್ತಕದ ಚಿತ್ರಕ್ಕಿಂತ ಅದನ್ನು ಕೈಯಲ್ಲಿ ಹಿಡಿದು ನೋಡಲಿ.

ಮಲೆನಾಡು ಹುಡುಗ

ಸರ್, ನಾನೂ ಬರಬಹುದಾ?

ನಿವೃತ್ತ ಎಎಂಇ (ಬೆಂಗಳೂರು)

ಬಾರಪ್ಪ. ಬೆಳಿಗ್ಗೆ ಹತ್ತಕ್ಕೆ. ತಿಂಡಿ ಇಲ್ಲೇ.

ಹಳೇ ರೆಕ್ಕೆ (ಫ್ಲೋರಿಡಾ)

ಒಂದು ಗೇಣು ಉದ್ದಕ್ಕೆ ಕತ್ತರಿಸಿ ಕೊಡಲು ಹೇಳಿದ್ದೇನೆ ಸರ್, ಪದರ ಕಾಣುವ ಹಾಗೆ. ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುತ್ತೇನೆ. ವಿಳಾಸ ನನಗೆ ಖಾಸಗಿಯಾಗಿ ಕಳಿಸಿ.